ಕ್ಯಾಮೆರಾ ಆಚೆಗಿನ ಡೇರಿ

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ಹೆದ್ದಾರಿಯಲ್ಲಿ ನಮ್ಮೂರಿದೆ. ಮನೆಗಳು ರಸ್ತೆಯ ಈ ಕಡೆ, ಹಾಲಿನ ಡೇರಿ ಆ ಕಡೆ. ಡೇರಿಗಿಂತ ಸ್ವಲ್ಪ ಹಿಂದೆ, ಹುಣಸೂರು ದಿಕ್ಕಿಗೆ, ವೇಗ ಹಿಡಿಯುವ ಕ್ಯಾಮೆರಾ ಹಾಕಿದಾಗ ನಾವು ಹೆಂಗಸರೆಲ್ಲ ಇನ್ನು ನೆಮ್ಮದಿಯಾಗಿ ಹಾಲು ಹಾಕಿ ಬರಬಹುದು ಅಂದುಕೊಂಡೆವು.

ನಮ್ಮ ಸಿದ್ದರಾಜು ಇದ್ದಾನಲ್ಲ, ಹುಣಸೂರು ಕಡೆಯಿಂದ ಪಿರಿಯಾಪಟ್ಟಣದಾಚೆಯ ಕೊಪ್ಪಕ್ಕೆ ಟೆಂಪೋದಲ್ಲಿ ಶುಂಠಿ ಸಾಗಿಸುವವನು, ಅವನಿಗೆ ಮಾತ್ರ ನಗು.

"ಕ್ಯಾಮ್ರಾ ಗಂಟ ನಲವತ್ತು, ದಾಟಿದ್ಮೇಲೆ ಎಂಬತ್ತು. ಅಷ್ಟೇ ಕಣ್ರೋ!"

ಎದುರು ಬರುವ ಗಾಡಿಗಳಿಗೂ ಲೈಟ್ ಹೊಡೆದು ಕ್ಯಾಮೆರಾ ಇದೆ ಎಂದು ತಿಳಿಸುತ್ತಿದ್ದ. ದೊಡ್ಡ ಪರೋಪಕಾರಿ!

"ಅದು ಜೀವ ಉಳ್ಸಕ್ಕೆ ಇಟ್ಟಿರೋದು ಕಣಣ್ಣ" ಎಂದು ಡೇರಿ ಕಾರ್ಯದರ್ಶಿ ಸುಧಾ ಎಷ್ಟು ಸಲ ಹೇಳಿದರೂ ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

"ಇಪ್ಪತ್ತು ವರ್ಸದಿಂದ ಸ್ಟೇರಿಂಗ್ ಇಡ್ದಿವ್ನಿ. ನನ್ ಗಾಡಿ ನನ್ ಮಾತು ಕೇಳ್ತದೆ ಬುಡಮ್ಮ."

ಹೋದ ತಿಂಗಳು ಟೆಂಪೋ ಗ್ಯಾರೇಜು ಸೇರಿತು. ಅವತ್ತು ಬೆಳಗ್ಗೆ ತಾಯಿ ಚಿಕ್ಕಮಾದಮ್ಮನ ಕೈಯಿಂದ ಹಾಲಿನ ಕ್ಯಾನ್ ಇಸಿದುಕೊಂಡು, ಅವಳ ಜೊತೆ ತಾನೂ ಡೇರಿಗೆ ಹೊರಟ. ರಸ್ತೆ ದಾಟಲು ಆದರೆ ತಾನೇ? ಒಂದೊಂದು ಗಾಡಿಯೂ ಕ್ಯಾಮೆರಾ ಮುಂದೆ ಸಾಧುವಿನಂತೆ ಬಂದು, ದಾಟಿದ್ದೇ ತಡ, ಡೇರಿ ಮುಂದೆ ರೊಯ್ಯನೆ ನುಗ್ಗುತ್ತಿತ್ತು.

"ಥೂ, ಇವ್ರಿಗೇನ್ ಕಣ್ ಕಾಣಾಕಿಲ್ವಾ?" ಎಂದು ಸಿದ್ದರಾಜು ರೇಗಿದ.

"ದಿನಾ ಇಂಗೇ ಕಣ್ಲಾ ಮಗ" ಎಂದಳು ಚಿಕ್ಕಮಾದಮ್ಮ. "ನಿನ್ ಟೆಂಪೋ ಸದ್ದು ನಂಗೆ ಗುರ್ತು ಸಿಗ್ತದೆ. ಅದು ಬಂದ್ರೆ ಇನ್ನೆರಡೆಜ್ಜೆ ಇಂದಕ್ಕೆ ನಿಂತ್ಕತೀನಿ."

ಹೆತ್ತ ತಾಯಿ ತನ್ನ ಗಾಡಿಗೇ ಹೆದರುತ್ತಾಳೆಂದು ಸಿದ್ದರಾಜುವಿಗೆ ಅವತ್ತೇ ತಿಳಿದದ್ದು. ರಸ್ತೆ ಖಾಲಿಯಾದ ಮೇಲೆ ಅವಳ ಕೈ ಹಿಡಿದು ದಾಟಿಸಿದ.

ಡೇರಿಯಲ್ಲಿ ಸುಧಾ ಬಿಡಿಸಿ ಹೇಳಿದಳು: "ನಲವತ್ತು ಎಂಬತ್ತಾದ್ರೆ, ಬ್ರೇಕ್ ತುಳಿದ್ಮೇಲೆ ಗಾಡಿ ನಿಲ್ಲಾಕೆ ನಾಕರಷ್ಟು ದೂರ ಬೇಕು ಕಣಣ್ಣ. ಅದು ನಿಮ್ ಮಾತು ಕೇಳೋ ಒತ್ಗೆ ಅವ್ವ ಎಲ್ಲಿರ್ತಾರೆ?"

ಈಗ ಸಿದ್ದರಾಜು ಊರು ಪೂರ್ತಿ ದಾಟುವವರೆಗೆ ನಲವತ್ತು ಮೀರುವುದಿಲ್ಲ. ಲೈಟ್ ಹೊಡೆಯುವ ಚಾಳಿ ಮಾತ್ರ ಬಿಟ್ಟಿಲ್ಲ. ಹೆಂಗಸರು ಕ್ಯಾನ್ ಹಿಡಿದು ನಿಂತಿದ್ದರೆ ಟೆಂಪೋ ನಿಲ್ಲಿಸಿ, ಎದುರಿನವರಿಗೂ ನಿಲ್ಲಿರೆಂದು ಲೈಟ್ ಹೊಡೆಯುತ್ತಾನೆ. ಎರಡೂ ಕಡೆ ಗಾಡಿ ನಿಂತ ಮೇಲೆ ಚಿಕ್ಕಮಾದಮ್ಮ ಮಗನ ಕಡೆ ತಿರುಗಿಯೂ ನೋಡದೆ ಗತ್ತಿನಿಂದ ದಾಟುತ್ತಾಳೆ. ನೋಡುವುದೇ ನಮಗೊಂದು ಖುಷಿ.

ಗಾಡಿ ಓಡಿಸುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಕ್ಯಾಮೆರಾ ಎಲ್ಲಿದೆ ಎಂದು ನಿಮಗೆ ಚೆನ್ನಾಗಿ ಗೊತ್ತು. ಅದರಾಚೆ ಯಾರು ನಿಂತಿದ್ದಾರೆಂದು ಗೊತ್ತೇ? ದಾಟಿದ ಮೇಲೂ ನಿಧಾನವಾಗಿಯೇ ಹೋಗಿ. ನಿಮ್ಮ ಗಾಡಿಯ ಸದ್ದು ಕೇಳಿ ಯಾರ ತಾಯಿಯೂ ಹಿಂದೆ ಸರಿಯುವಂತಾಗಬಾರದು.