ಸೊಳ್ಳೆ ಬತ್ತಿಯ ಗ್ರಾಫ್

ಸೊಳ್ಳೆ ಬತ್ತಿಯನ್ನು ಗ್ರಾಫ್ ಹಾಳೆಯ ಮೇಲೆ ಒತ್ತಿ ಹಿಡಿದು ಸುಮನಾ ಅದರ ಅಂಚಿಗೇ ಪೆನ್ಸಿಲ್ ಓಡಿಸಿದಳು. ಆಮೇಲೆ ಮೂವತ್ತು ಡಿಗ್ರಿಗೊಂದು ಗೆರೆ ಎಳೆದು, ನಡುವಿನಿಂದ ಸುರುಳಿಗಿರುವ ದೂರವನ್ನು ಅಳೆದಳು. ಕೋನ ಹೆಚ್ಚಿದ ಹಾಗೆಲ್ಲ ದೂರವೂ ಸಮನಾಗಿ ಹೆಚ್ಚುತ್ತಿತ್ತು. ಬಿ.ಎಸ್ಸಿ. ಗಣಿತದಲ್ಲಿ ಎರಡು ಸಲ ಫೇಲ್ ಮಾಡಿಸಿದ ಪೋಲಾರ್ ಕರ್ವ್ ಇಷ್ಟೇನಾ! ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಬತ್ತಿಯ ಔಷಧಿ ರೇಷ್ಮೆ ಹುಳುವಿಗೆ ವಿಷ, ಹುಳು ಸಾಕುವ ಅವರ ಮನೆಗೆ ತರುವಂತೆಯೇ ಇಲ್ಲ. ಹಚ್ಚುವುದಿಲ್ಲವಲ್ಲ ಎಂದುಕೊಂಡು ಕಾಲೇಜಿರುವ ಕನಕಪುರದಿಂದ ಬ್ಯಾಗಿನಲ್ಲಿಟ್ಟುಕೊಂಡು ಬಂದಿದ್ದಳು.

"ಸೊಪ್ಪಾಕ್ ಬಾರವ್ವ, ಹುಳ ಹಸ್ಕೊಂಡವೆ," ತಾಯಿ ಕೆಂಚಮ್ಮ ಹುಳುಮನೆಯಿಂದ ಕೂಗಿದಳು.

ಅದೇ ಖುಷಿಯಲ್ಲಿ ಸುಮನಾ ಎದ್ದು ಹೋದಳು. ಕೈ ತೊಳೆದೇ ಹಿಪ್ಪುನೇರಳೆ ಸೊಪ್ಪು ಮುಟ್ಟಬೇಕೆಂಬುದು ಚಿಕ್ಕಂದಿನಿಂದ ಕಲಿತದ್ದು. ಅವತ್ತು ಮರೆತಳು.

ಬೆಳಿಗ್ಗೆ ಅವಳು ಸೊಪ್ಪು ಹಾಕಿದ್ದ ಆರೂ ತಟ್ಟೆಗಳಲ್ಲಿ ಹುಳುಗಳು ಹಸಿರು ಕಕ್ಕಿ ಒದ್ದಾಡುತ್ತಿದ್ದವು. ಇನ್ನೆರಡು ದಿನಕ್ಕೆ ಗೂಡು ಕಟ್ಟಬೇಕಾದವು.

"ಬೇಲಿ ಕಡೆ ಸೊಪ್ಪು ಇದು. ಆ ಲಿಂಗಯ್ಯ ಟೊಮೇಟೊಗೆ ಔಷ್ದಿ ಹೊಡ್ದವ್ನೆ. ಇವತ್ತು ಬುಡಾಕಿಲ್ಲ ಅವನ್ನ!" ಅಪ್ಪ ಕೃಷ್ಣಪ್ಪ ಪಕ್ಕದ ಹೊಲಕ್ಕೆ ನುಗ್ಗಿದ.

ಸುಮನಾ ಅಳುತ್ತಾ ತಾಯಿಗೆ ಎಲ್ಲವನ್ನೂ ಹೇಳಿದಳು. ಕೆಂಚಮ್ಮ ಮಗಳ ಅಂಗೈ ಹಿಡಿದು ಮೂಸಿ ನೋಡಿದಳು.

"ಬಾಯ್ ಮುಚ್ಕೊಂಡಿರು. ನಿಮ್ಮಪ್ಪಂಗೆ ಗೊತ್ತಾದ್ರೆ ನಿನ್ ಕಾಲೇಜು ಇವತ್ತಿಗೇ ಮುಗೀತು. ಲಿಂಗಯ್ಯಂದೇ ತಪ್ಪು ಅಂತಿರ್ಲಿ."

ಅಷ್ಟರಲ್ಲಿ ಅಪ್ಪನ ಹಿಂದೆಯೇ ಲಿಂಗಯ್ಯ ಬಂದ. ಜಗಳಕ್ಕೆ ಬಂದವನಂತಿರಲಿಲ್ಲ. ತಟ್ಟೆಗಳನ್ನು ನೋಡಿ ಅವನ ಮುಖ ಇಳಿದುಹೋಯಿತು.

"ಮೊನ್ನೆ ಹೊಡ್ದಿದ್ದೆ ಕಣಣ್ಣ. ಗಾಳಿ ಇತ್ಲಾಗೆ ಬೀಸ್ತದೆ ಅಂತ ಗ್ಯಾನ ಬರ್ನಿಲ್ಲ. ನಂದೇ ತಪ್ಪು," ಎಂದು ಕೈಮುಗಿದ.

ಮಾಡದ ತಪ್ಪನ್ನು ಒಪ್ಪಿಕೊಂಡನಲ್ಲ ಈ ಪುಣ್ಯಾತ್ಮ ಎಂದುಕೊಂಡು ಸುಮನಾ ತಾಯಿಯತ್ತ ನೋಡಿದಳು. ಲಿಂಗಯ್ಯ ಯಾರೂ ಹೇಳದೆಯೇ ಗುದ್ದಲಿ ತೆಗೆದುಕೊಂಡು ಹಿತ್ತಲಲ್ಲಿ ಗುಂಡಿ ತೋಡತೊಡಗಿದ.

"ಲಿಂಗಯ್ಯ ಮಾವ..." ಸುಮನಾ ಹತ್ತಿರ ಹೋದಳು. ಹಿಂದೆಯೇ ಬಂದ ಕೆಂಚಮ್ಮ ಸತ್ತ ಹುಳುಗಳನ್ನು ತುಂಬಿದ್ದ ಮಂಕರಿಯನ್ನು ಅವಳ ಕೈಗೆ ತುರುಕಿದಳು.

ಲಿಂಗಯ್ಯ ಗುಂಡಿಯೊಳಗಿಂದಲೇ ಎರಡೂ ಕೈ ಚಾಚಿದ. "ಕೊಡವ್ವ ಇತ್ಲಾಗೆ. ಓದೋ ಮಗ, ನಿಂಗ್ಯಾಕೆ ಈ ಗಲೀಜು."

ಸುಮನಾ ಮಂಕರಿ ಕೊಟ್ಟಳು.