ಯೋಚಿಸಿದ ಹಾಗೆ ಕೂತದ್ದು

ಅಡ್ಯಾರಿನ ಚೆಸ್ ಕ್ಲಬ್ಬಿನಲ್ಲಿ ಬದರಿನಾಥನೂ ಸುಜಯೀಂದ್ರನೂ ಆಟದಲ್ಲಿ ಸಮ ಸಮ. ಈ ಭಾನುವಾರ ಇವನು ಗೆದ್ದರೆ ಮುಂದಿನ ಭಾನುವಾರ ಅವನು. ಈ ವರ್ಷದ ಫೈನಲ್ಲಿಗೂ ಇವರಿಬ್ಬರೇ ಉಳಿದರು. ಒಮ್ಮೆಯಾದರೂ ಆ ಕಪ್ಪನ್ನು ಮನೆಗೆ ಒಯ್ಯಬೇಕೆಂದು ಬದರಿಗೆ ಆಸೆ. ಬ್ಯಾಂಕಿನಿಂದ ರಿಟೈರಾದವನಿಗೆ ಇದೇನು ಹುಚ್ಚೋ!

ಆಟ ಕೊನೆಗೆ ಬಂದಾಗ ಸುಜಯೀಂದ್ರನಿಗೆ ಕೆಮ್ಮು ಹತ್ತಿತು. ಕೆಮ್ಮುತ್ತಲೇ ಆನೆಯನ್ನು ನಡೆಸಿದವನು ತನ್ನ ಹೊತ್ತನ್ನು ನಿಲ್ಲಿಸುವ ಗಡಿಯಾರದ ಗುಂಡಿ ಒತ್ತಲು ಮರೆತ. ನಡೆ ಬದರಿಯದು, ಓಡುತ್ತಿರುವ ಹೊತ್ತು ಮಾತ್ರ ಸುಜಯೀಂದ್ರನದೇ. ಬೇರೆ ದಿನವಾಗಿದ್ದರೆ ಬದರಿ "ಏಯ್, ಕ್ಲಾಕು!" ಎಂದು ಗದರಿಸಿರುತ್ತಿದ್ದ. ಅಂದು ಬಾಯಿ ತೆರೆದವನು ಮುಚ್ಚಿಕೊಂಡ. ಹಣೆಗೆ ಕೈ ಹಚ್ಚಿ, ಮಹಾ ಯೋಚನೆಯಲ್ಲಿ ಮುಳುಗಿದವನ ಹಾಗೆ ಕೂತ. ನಿಯಮದಲ್ಲಿ ತಪ್ಪಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಎದುರಿಗೆ ಸುಜಯೀಂದ್ರ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು, ಹಲಗೆಯಿಂದ ಕಣ್ಣು ಕೀಳದೆ ಕೂತಿದ್ದ.

"ಟೈಮ್," ಎಂದ ಬದರಿ, ಕೊನೆಗೆ ಸುಜಯೀಂದ್ರನ ಹೊತ್ತು ಪೂರ್ತಿ ಮುಗಿದಾಗ.

"ಅಯ್ಯೋ ರಾಮಾ, ಒತ್ತಲೇ ಇಲ್ವಾ ನಾನು!" ಸುಜಯೀಂದ್ರ ನಕ್ಕುಬಿಟ್ಟ. "ನಂದೇ ತಪ್ಪು ಪಾ." ಕೈ ಕುಲುಕಿದ. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು.

ಆಟ ಮುಗಿದ ಮೇಲೆ ಕಾಯಿಗಳನ್ನು ಮತ್ತೆ ಜೋಡಿಸಿ, ಯಾರು ಎಲ್ಲಿ ಏನು ಯೋಚಿಸಿದರೆಂದು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುವುದು ಅವರಿಬ್ಬರ ರೂಢಿ. ಸುಜಯೀಂದ್ರ ಜೋಡಿಸಿಯೇಬಿಟ್ಟ.

"ಈಗ ಹೇಳು, ಅಷ್ಟು ಹೊತ್ತು ಏನು ಯೋಚ್ನೆ ಮಾಡ್ತಿದ್ದೆ? ದೊಡ್ಡದೇನೋ ಹಿಡಿದಿದಾನೆ, ಡಿಸ್ಟರ್ಬ್ ಆಗಬಾರ್ದು ಅಂತ ಕೆಮ್ಮು ಕೂಡ ನುಂಗ್ಕೊಂಡು ಕೂತಿದ್ದೆ."

ಬದರಿಯ ಬಳಿ ತೋರಿಸಲು ಏನೂ ಇರಲಿಲ್ಲ. ಕೈಗೆ ಸಿಕ್ಕ ಕಾಲಾಳನ್ನು ಮುಂದೆ ತಳ್ಳಿ "ಇದು" ಎಂದ.

"ಇದಾ? ನನ್ನ ಕುದುರೆ ಬಂದು ನಿನ್ನ ಮಂತ್ರೀನ ಹೊಡ್ಕೊಂಡು ಹೋಗತ್ತಲ್ಲ ಡಾ!" ಸುಜಯೀಂದ್ರನ ನಗು ಅರ್ಧಕ್ಕೇ ನಿಂತಿತು. ಹಲಗೆಯನ್ನು ನೋಡಿದ, ಗಡಿಯಾರವನ್ನು ನೋಡಿದ, ಆಮೇಲೆ ಬದರಿಯ ಮುಖವನ್ನು. ಇಷ್ಟು ವರ್ಷ ಎದುರಿಗೆ ಕೂತು ಆಡಿದವನಿಗೆ ಬೇರೆ ಸಾಕ್ಷಿ ಬೇಕೆ?

ತಪ್ಪಾಯ್ತು, ಇನ್ನೊಂದು ಆಟ ಆಡೋಣ ಎಂದುಬಿಡಬಹುದಿತ್ತು. ಬದರಿ ನಾಚಿಕೆಯಿಂದ ತಲೆ ತಗ್ಗಿಸಿ, ಕಾಲಾಳನ್ನು ಮೊದಲಿದ್ದ ಮನೆಗೆ ಹಿಂದೆಳೆದ.

"ಹೋಗ್ಲಿ ಬಿಡು, ಆಯಾಸ ಆಗಿರತ್ತೆ ನಿಂಗೆ," ಎಂದು ಸುಜಯೀಂದ್ರನೇ ಕಾಯಿಗಳನ್ನು ಡಬ್ಬಿಗೆ ತುಂಬಿದ.

ಬದರಿ ಕಪ್ಪನ್ನು ಮನೆಗೆ ಒಯ್ದ. ಹೆಂಡತಿ ಸುಮತಿ ಅದನ್ನು ಟೀವಿಯ ಪಕ್ಕದಲ್ಲಿಟ್ಟಳು. ಅದರ ಕಡೆ ನೋಡಲು ಅವನಿಗೆ ಮನಸ್ಸಾಗಲಿಲ್ಲ.

ಮುಂದಿನ ಭಾನುವಾರವೂ ಸುಜಯೀಂದ್ರ ಬಂದ, ಆಡಿದ, ಗೆದ್ದ. ಈ ಸಲ ಎಲ್ಲವನ್ನೂ ಹೇಳಿಬಿಡುತ್ತೇನೆಂದು ಬದರಿ ಆತುರಾತುರವಾಗಿ ಕಾಯಿಗಳನ್ನು ಮತ್ತೆ ಜೋಡಿಸತೊಡಗಿದ.

"ಬೇಡ ಪಾ, ಟ್ರೈನಿಗೆ ಹೊತ್ತಾಯ್ತು," ಎಂದು ಸುಜಯೀಂದ್ರ ಎದ್ದ.

ಅವನ ಮನೆಯಿರುವ ಕ್ರೋಂಪೇಟೆಗೆ ಒಂದು ಟ್ರೈನು ತಪ್ಪಿದರೆ ಇನ್ನೊಂದು ಇದ್ದೇ ಇರುತ್ತದೆ. ಅದು ಇಬ್ಬರಿಗೂ ಗೊತ್ತಿತ್ತು.