ತಾಂಡಾದಲ್ಲಿ ಎದ್ದ ಅಳು

ಕೊಟ್ಟೂರಿನ ದರ್ಜಿ ಕೌಸರ್‌ಗೆ ಆ ದಿನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮೂವತ್ತು ವರ್ಷದ ಮೇಲೆ ಹೆತ್ತವಳನ್ನು ನೋಡಲು ಹೊರಟವಳಿಗೆ ಹೇಗೆ ನಿಂತೀತು? ತೆಲಿಗಿಯ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಸಾಕುತಾಯಿ ಅಮೀರ್ ಬೀ ಮೂರು ಸಲ ಗದರಿದಳು.

"ಸುಮ್ನ ಕುಂದ್ರಲೇ. ನೀ ಎದ್ದು ನಿಂತ್ರ ಬಸ್ಸು ಜೋರ ಓಡ್ತೈತೇನು?"

ಕಥೆ ಸಣ್ಣದು, ಸಂಕಟ ದೊಡ್ಡದು. ಕಬ್ಬು ಕಡಿಯಲು ಹೊರಟ ಲಂಬಾಣಿಗರ ಎರಡು ಲಾರಿಗಳಲ್ಲಿ ಒಂದು ಕೆಟ್ಟು, ಎರಡೂ ಅಮೀರ್ ಬೀಯ ಗಂಡನ ಗ್ಯಾರೇಜಿನ ಮುಂದೆ ನಿಂತಿದ್ದವು. ಬೇವಿನ ನೆರಳಲ್ಲಿ ಮಲಗಿದ್ದ ನಾಲ್ಕು ವರ್ಷದ ಹುಡುಗಿ ಚಿಕ್ಕಮ್ಮನ ಲಾರಿ ಹತ್ತಿದ್ದಾಳೆಂದು ತಾಯಿ ತಿಳಿದಳು, ತಾಯಿಯ ಲಾರಿ ಹತ್ತಿದ್ದಾಳೆಂದು ಚಿಕ್ಕಮ್ಮ. ಗೊತ್ತಾಗುವಷ್ಟರಲ್ಲಿ ಲಾರಿಗಳು ಜಿಲ್ಲೆ ದಾಟಿದ್ದವು. ದಾರಿಯಲ್ಲಿ ನಿಂತದ್ದು ಹತ್ತು ಊರು, ಓದು ಬಾರದ ಹೆಂಗಸು ಕೂಸು ಉಳಿದದ್ದು ಯಾವುದರಲ್ಲೆಂದು ಹುಡುಕಿಯಾಳು? ಉಳಿದ ಕೂಸನ್ನು ಅಮೀರ್ ಬೀ ಕೌಸರ್ ಎಂದು ಕರೆದು ಸಾಕಿದಳು. ಮೊನ್ನೆ ರವಿಕೆ ಹೊಲಿಸಲು ಬಂದ, ತೆಲಿಗಿ ಹತ್ತಿರದ ಲಂಬಾಣಿ ತಾಂಡಾದ ರೇಣುಕಾ, ಕೌಸರಳ ಹುಬ್ಬಿನ ಸುಟ್ಟ ಕಲೆ ಕಂಡು, ನಮ್ಮ ಗಮ್ಲಿಬಾಯಿ ಕಳಕೊಂಡ ಕೂಸು ನೀನೇ ಎಂದಿದ್ದಳು. ನಿನ್ನೆ ಅವಳದೇ ಫೋನು ಬಂತು: "ಮುದುಕಿಗೆ ಜ್ವರ ಭಾಳ ಐತಿ, ಲಗೂನ ಬರ್ರಿ."

ತಾಂಡಾ ಮುಟ್ಟಿದ್ದೇ ತಡ, ಹೆಂಗಸರು ಓಡಿ ಬಂದು ಕೌಸರಳನ್ನು ತಬ್ಬಿ, ರಾಗ ಎಳೆದು ಹೋ ಎಂದು ಅಳತೊಡಗಿದರು. ಅವಳಿಗೆ ತೋಚಿದ್ದು ಒಂದೇ: ಸತ್ತಳು, ನಾನು ಬರುವ ಮೊದಲೇ ಸತ್ತಳು. ಕೊಸರಿಕೊಂಡು ಮಣ್ಣಲ್ಲೇ ಕುಸಿದಳು.

"ನಿನ್ನೆನ ಬರಬೇಕಿತ್ತಮ್ಮೀ," ಎಂದು ಅಮೀರ್ ಬೀಯ ಕಾಲು ಹಿಡಿದಳು.

ರೇಣುಕಾ ಗಲ್ಲಕ್ಕೆ ಕೈ ಹಚ್ಚಿದಳು. "ಯಾರು ಸತ್ತಾರಂತ ಹಿಂಗ ಕುಂತಿಯವ್ವ? ಭಾಳ ದಿನಕ್ಕ ಸಿಕ್ಕೋರನ್ನ ನಾವು ಹಾಡಿ ಅತ್ತೇ ಕರಕೋತೀವಿ. ಎಲ್ಲಾರಿಗಿಂತ ಜೋರ ಅಳಾಕತ್ತಾಳಲ್ಲ, ಅಕೀನ ನಿಮ್ಮವ್ವ."

ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡ ಮುದುಕಿ ಕೈ ಚಾಚಿ ನಿಂತಿದ್ದಳು. ಕೌಸರ್ ಹೇಗೆ ಎದ್ದಳೋ, ಹೇಗೆ ಓಡಿದಳೋ ದೇವರಿಗೇ ಗೊತ್ತು. ಮುದುಕಿ ಅವಳ ಕೊರಳಿಗೆ ಬಿದ್ದು ಒಂದು ಸಾಲು ಹಾಡಿ ನಿಲ್ಲಿಸಿದಳು. ಮರುಸಾಲನ್ನು ಬಂದವಳು ಹಾಡಬೇಕು. ಕೌಸರ್‌ಗೆ ಲಂಬಾಣಿ ಭಾಷೆಯ ಒಂದಕ್ಷರವೂ ಉಳಿದಿರಲಿಲ್ಲ. ಬರುತ್ತಿದ್ದುದು ಅಳುವೊಂದೇ, ಅದನ್ನೇ ರಾಗವಾಗಿ ಎಳೆದಳು. ಹೆಂಗಸರೆಲ್ಲ ನಕ್ಕು ಅವಳ ಜೊತೆ ದನಿಗೂಡಿಸಿದರು.

ಅಮೀರ್ ಬೀ ಮಾತ್ರ ದೂರ ನಿಂತಿದ್ದಳು. ಮಗಳು ಇನ್ನು ತನ್ನವಳಲ್ಲ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಮ್ಲಿಬಾಯಿ ಅದನ್ನು ಕಂಡಳು. ಮಗಳ ಕೈ ಹಿಡಿದೇ ಬಂದು, ಅಮೀರ್ ಬೀಯ ಕೊರಳಿಗೂ ಬಿದ್ದು, ಮೊದಲಿನ ಸಾಲಿನಿಂದ ಹಾಡು ಹಿಡಿದಳು.